ಫೋಲಿಕ್ ಆಮ್ಲವನ್ನು ಜಗತ್ತಿಗೆ ಕೊಟ್ಟ ಡಾ. ಯಲ್ಲಾಪ್ರಗಡ ಸುಬ್ಬರಾವ್

ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುವ ಅನೇಕರ ಚೀಟಿಯಲ್ಲಿ ಬಿ12 ಮತ್ತು ಫೋಲಿಕ್ ಆಮ್ಲದ ಮಾತ್ರೆಯೂ ಇರುತ್ತದೆ. ಅದನ್ನು ಬರೀ ಶಕ್ತಿಯ ಮಾತ್ರೆ ಎಂದುಕೊಂಡು ನುಂಗುವವರೇ ಹೆಚ್ಚು. ಆದರೆ ಆ ಪುಟ್ಟ ಹಳದಿ ಮಾತ್ರೆಯ ಹಿಂದೆ ಭಾರತೀಯ ವಿಜ್ಞಾನಿಯೊಬ್ಬರ ಜೀವಮಾನದ ದುಡಿಮೆಯಿದೆ. ಅವರೇ ಡಾ. ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ 1895ರ ಜನವರಿ 12ರಂದು ಈಗಿನ ಆಂಧ್ರಪ್ರದೇಶದ ಭೀಮಾವರಂನಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿ ಮೂರನೆಯ ಪ್ರಯತ್ನದಲ್ಲಿ ತೇರ್ಗಡೆಯಾದರು. ಮದರಾಸು ವೈದ್ಯಕೀಯ ಕಾಲೇಜು ಸೇರಿದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಇದು ಅಲ್ಲಿನ ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಪರಿಣಾಮವಾಗಿ ಎಂಬಿಬಿಎಸ್ ಪದವಿಯ ಬದಲು ಕೆಳಮಟ್ಟದ ಎಲ್‌ಎಂಎಸ್ ಪ್ರಮಾಣಪತ್ರಕ್ಕೆ ತೃಪ್ತಿಪಡಬೇಕಾಯಿತು. ಮುಂದೆ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಧ್ಯಾಪಕರಾದರು.

ಆ ದಿನಗಳಲ್ಲೇ ಮನೆಗೆ ದೊಡ್ಡ ಆಘಾತ ಬಂದೆರಗಿತು. ಅಣ್ಣ ಪುರುಷೋತ್ತಮ ಸ್ಪ್ರೂ ಎಂಬ ಕಾಯಿಲೆಗೆ ಬಲಿಯಾದರು. ನಿಲ್ಲದ ಭೇದಿ, ರಕ್ತಹೀನತೆ, ತಿಂದದ್ದು ಮೈಗೆ ಹತ್ತದೆ ಸೊರಗುವುದು ಇದರ ಲಕ್ಷಣ. ಸುಬ್ಬರಾವ್ ಅವರನ್ನೂ ಈ ರೋಗ ಕಾಡಿತ್ತು. ಅದಕ್ಕೆ ಮದ್ದು ಹುಡುಕಲೇಬೇಕೆಂಬ ಹಂಬಲ ಅವರಲ್ಲಿ ಬೇರೂರಿತು.

1920ರ ದಶಕದ ಆರಂಭದಲ್ಲಿ ಮಾವನ ನೆರವು ಮತ್ತು ದಾನಿಗಳ ಸಹಾಯದಿಂದ ಪತ್ನಿ ಶೇಷಗಿರಿಯವರನ್ನು ಊರಿನಲ್ಲೇ ಬಿಟ್ಟು ಅಮೆರಿಕಕ್ಕೆ ತೆರಳಿದರು. ಬೋಸ್ಟನ್ನಿನಲ್ಲಿ ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸವನ್ನೂ ಮಾಡಿದರು. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಅವರೊಂದಿಗೆ ರಕ್ತ ಮತ್ತು ಮೂತ್ರದಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು ರೂಪಿಸಿ 1925ರಲ್ಲಿ ಪ್ರಕಟಿಸಿದರು. ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ವಸ್ತುವನ್ನು ಗುರುತಿಸಿದವರಲ್ಲಿ ಅವರೂ ಒಬ್ಬರು. 1930ರಲ್ಲಿ ಪಿಎಚ್.ಡಿ. ಪಡೆದರೂ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯ ಸೇರಿ, ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು.

ಫೋಲಿಕ್ ಆಮ್ಲದ ಕಥೆಗೆ ನಮ್ಮ ಮುಂಬಯಿಯ ನಂಟೂ ಇದೆ. 1928ರಲ್ಲಿ ಇಲ್ಲಿಗೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಪರೇಲ್‌ನ ಹಾಫ್‌ಕಿನ್ ಸಂಸ್ಥೆಯಲ್ಲಿದ್ದುಕೊಂಡು ಬಡ ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಸಂಶೋಧನೆ ನಡೆಸಿದರು. ಯೀಸ್ಟ್‌ನ ಸಾರ ಕೊಟ್ಟರೆ ಅದು ಗುಣವಾಗುತ್ತದೆ ಎಂದು 1931ರಲ್ಲಿ ತೋರಿಸಿದರು. ಅದರಲ್ಲಿದ್ದ ಅಂಶಕ್ಕೆ ವಿಲ್ಸ್ ಫ್ಯಾಕ್ಟರ್ ಎಂಬ ಹೆಸರು ಬಂತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ ಫೋಲಿಕ್ ಆಮ್ಲ ಎಂದು ಕರೆದರು. 1945ರಲ್ಲಿ ಸುಬ್ಬರಾವ್ ಅವರ ತಂಡ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಅಣ್ಣನನ್ನು ಕೊಂದಿದ್ದ ಸ್ಪ್ರೂ ರೋಗಕ್ಕೂ ಅದು ಮದ್ದಾಯಿತು.

ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಔಷಧಿಗಳನ್ನೂ ಅದೇ ತಂಡ ಸಿದ್ಧಪಡಿಸಿತು. ಅವುಗಳಲ್ಲೊಂದರಿಂದ ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಮಕ್ಕಳ ರಕ್ತ ಕ್ಯಾನ್ಸರನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದ್ದು 1948ರಲ್ಲಿ ಪ್ರಕಟವಾಯಿತು. ಆನೆಕಾಲು ರೋಗದ ಹೆಟ್ರಜಾನ್ ಮತ್ತು ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿ ಆರಿಯೋಮೈಸಿನ್ ಕೂಡ ಅವರ ಮಾರ್ಗದರ್ಶನದಲ್ಲೇ ಹೊರಬಂದವು.

ಸುಬ್ಬರಾವ್ ಕಣ್ಣಿನ ಕಾಯಿಲೆಯ ಮೇಲೆ ಸಂಶೋಧನೆ ಮಾಡಿದವರಲ್ಲ. ಆದರೆ ಅವರು ಕೊಟ್ಟ ವಿಟಮಿನ್ ಇಂದು ಮಧುಮೇಹಿಗಳ ಕಣ್ಣಿನ ಚರ್ಚೆಯಲ್ಲೂ ಇದೆ. ನಮ್ಮ ದೇಹದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಉತ್ಪತ್ತಿಯಾಗುತ್ತಿರುತ್ತದೆ. ಅದನ್ನು ಉಪಯುಕ್ತ ವಸ್ತುವಾಗಿ ಮಾರ್ಪಡಿಸಲು ಫೋಲಿಕ್ ಆಮ್ಲ, ಬಿ12 ಎರಡೂ ಬೇಕು. ಇವು ಕಡಿಮೆಯಾದರೆ ಹೋಮೋಸಿಸ್ಟೀನ್ ರಕ್ತದಲ್ಲಿ ಹೆಚ್ಚುತ್ತದೆ. ಅದು ರಕ್ತನಾಳಗಳ ಒಳಪದರಕ್ಕೆ ಹಾನಿ ಮಾಡಬಲ್ಲದು. ಕಣ್ಣಿನ ಅಕ್ಷಿಪಟಲದ ನಾಳಗಳಂತೂ ಕೂದಲೆಳೆಗಿಂತ ಸಣ್ಣವು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟವರಲ್ಲಿ ಹೋಮೋಸಿಸ್ಟೀನ್ ಪ್ರಮಾಣ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸಿದರೆ ಬಿ12 ಕಡಿಮೆಯಾಗಬಹುದು. ಬಿ12 ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಸಿಗುತ್ತದೆಯೇ ಹೊರತು ಸೊಪ್ಪು ಬೇಳೆಗಳಲ್ಲಿ ಅಲ್ಲ. ಆದ್ದರಿಂದ ಸಸ್ಯಾಹಾರಿ ಮಧುಮೇಹಿಗಳು ಹೆಚ್ಚು ಎಚ್ಚರ ವಹಿಸಬೇಕು.

ಹಾಗೆಂದು ಔಷಧಿ ಅಂಗಡಿಗೆ ಹೋಗಿ ತಾವಾಗಿಯೇ ಮಾತ್ರೆ ಕೊಳ್ಳುವುದು ಸರಿಯಲ್ಲ. ಈ ಮಾತ್ರೆಗಳಿಂದ ಮಧುಮೇಹಿಗಳ ದೃಷ್ಟಿ ಉಳಿಯುತ್ತದೆ ಎಂಬುದು ಸಾಬೀತಾಗಿಲ್ಲ. 2010ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟಿದ್ದ 238 ಜನರ ಪೈಕಿ ಬಿ ವಿಟಮಿನ್‌ಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಪಡೆದವರ ಮೂತ್ರಪಿಂಡ ಇನ್ನೂ ಬೇಗ ಕೆಟ್ಟಿತು. ಬಿ12 ಕೊರತೆಯಿದ್ದವರು ಬರೀ ಫೋಲಿಕ್ ಆಮ್ಲ ಸೇವಿಸಿದರೆ ರಕ್ತಹೀನತೆ ಮರೆಯಾಗಿ, ನರಗಳ ಹಾನಿ ಗೊತ್ತಾಗದೆ ಮುಂದುವರಿಯುವ ಅಪಾಯವೂ ಉಂಟು. ರಕ್ತ ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ವೈದ್ಯರು ಹೇಳಿದಷ್ಟೇ ಸೇವಿಸುವುದು ಕ್ಷೇಮ. ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಯಲ್ಲಿರಬೇಕು. ದೃಷ್ಟಿ ಚೆನ್ನಾಗಿಯೇ ಇದ್ದರೂ ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿ ಅಕ್ಷಿಪಟಲ ಪರೀಕ್ಷೆ ಮಾಡಿಸಬೇಕು. ಏಕೆಂದರೆ ಈ ಕಾಯಿಲೆ ಆರಂಭದಲ್ಲಿ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಸುಬ್ಬರಾವ್ ತಾಯ್ನಾಡಿಗೆ ಮರಳಲೇ ಇಲ್ಲ. 1948ರ ಆಗಸ್ಟ್‌ನಲ್ಲಿ, 53ರ ಹರೆಯದಲ್ಲಿ, ನ್ಯೂಯಾರ್ಕ್‌ನಲ್ಲಿ ನಿದ್ರೆಯಲ್ಲೇ ಕೊನೆಯುಸಿರೆಳೆದರು. ನೊಬೆಲ್ ಪ್ರಶಸ್ತಿ ಅವರಿಗೆ ಬರಲಿಲ್ಲ. ಜನ್ಮ ಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತ ಸರಕಾರ ಅವರ ಅಂಚೆಚೀಟಿ ಹೊರತಂದಿತು.

ನಮ್ಮ ಸಂಘ ಸಂಸ್ಥೆಗಳು ಏರ್ಪಡಿಸುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ ಪರೀಕ್ಷೆ ತಪ್ಪದೆ ಇರುತ್ತದೆ. ಅದರ ಜೊತೆಗೆ ಅಕ್ಷಿಪಟಲ ಪರೀಕ್ಷೆಯನ್ನೂ ಸೇರಿಸಿಕೊಂಡರೆ ಎಷ್ಟೋ ಹಿರಿಯರ ದೃಷ್ಟಿ ಉಳಿದೀತು. ಪರದೇಶದಲ್ಲಿ ಒಂಟಿಯಾಗಿ ದುಡಿದು ಮಡಿದ ಆ ಮಹನೀಯರಿಗೆ ಅದೇ ತಕ್ಕ ಗೌರವ.