ತಂತಿಯಿಲ್ಲದೆ ದೀಪ ಬೆಳಗಿಸಿದ ನಿಕೋಲಾ ಟೆಸ್ಲಾ

ಹಣತೆ ಬೆಳಗಲು ಎಣ್ಣೆ, ಬತ್ತಿ ಬೇಕು. ವಿದ್ಯುದ್ದೀಪಕ್ಕಾದರೆ ತಂತಿ ಬೇಕು. ಇದು ಲೋಕದ ಅನುಭವ. ತಂತಿಯ ಹಂಗಿಲ್ಲದೆಯೂ ದೀಪ ಬೆಳಗಬಲ್ಲದೆಂಬುದನ್ನು ವಿದ್ವಾಂಸರ ಸಭೆಯಲ್ಲಿ ಪ್ರತ್ಯಕ್ಷ ತೋರಿಸಿಕೊಟ್ಟ ಮಹನೀಯರು ನಿಕೋಲಾ ಟೆಸ್ಲಾ. ಅವರ ಬಾಳು ಗೆಲುವಿನ ಕಥೆಯೂ ಹೌದು, ಸೋಲಿನ ಕಥೆಯೂ ಹೌದು. ಎರಡನ್ನೂ ಇದ್ದಂತೆಯೇ ಅರಿಯುವುದು ಅವರಿಗೆ ಸಲ್ಲಿಸಬೇಕಾದ ನಿಜವಾದ ಗೌರವ.

ಟೆಸ್ಲಾ ಅವರು 1856ರ ಜುಲೈ 10ರಂದು, ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದು ಇಂದು ಕ್ರೊಯೇಷಿಯಾದಲ್ಲಿರುವ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ, ಸರ್ಬಿಯನ್ ಮನೆತನವೊಂದರಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿಗಳು. ತಾಯಿ ಶಾಲೆಯ ಮೆಟ್ಟಿಲು ಹತ್ತದವರಾದರೂ ಮನೆಗೆಲಸದ ಉಪಕರಣಗಳನ್ನು ತಾವೇ ರೂಪಿಸಿಕೊಳ್ಳಬಲ್ಲ ಕುಶಲಮತಿ. ಮಗನು ಪಾದ್ರಿಯಾಗಲೆಂಬುದು ತಂದೆಯ ಬಯಕೆಯಾಗಿತ್ತು. ಮಗನ ಒಲವು ಯಂತ್ರವಿದ್ಯೆಯ ಕಡೆಗಿತ್ತು. 1875ರಲ್ಲಿ ಗ್ರಾಟ್ಸ್ ನಗರದ ತಾಂತ್ರಿಕ ವಿದ್ಯಾಲಯವನ್ನು ಸೇರಿದರಾದರೂ ಪದವಿ ಪೂರೈಸಲಾಗಲಿಲ್ಲ. 1882ರಲ್ಲಿ ಬುಡಾಪೆಸ್ಟ್ ನಗರದ ಉದ್ಯಾನದಲ್ಲಿ ಅಡ್ಡಾಡುತ್ತಿದ್ದಾಗ, ತಿರುಗುವ ಕಾಂತಕ್ಷೇತ್ರದಿಂದ ಮೋಟಾರನ್ನು ನಡೆಸುವ ಉಪಾಯ ಅವರ ಮನಸ್ಸಿಗೆ ಹೊಳೆಯಿತು.

1884ರಲ್ಲಿ ಅಮೆರಿಕೆಗೆ ಬಂದು ಎಡಿಸನ್ ಅವರ ಸಂಸ್ಥೆಯಲ್ಲಿ ಕೆಲವು ತಿಂಗಳು ದುಡಿದರು. ಅದನ್ನು ಬಿಟ್ಟ ಬಳಿಕ ಹೊಟ್ಟೆಪಾಡಿಗಾಗಿ ಕಾಲುವೆ ತೋಡುವ ಕೂಲಿಯನ್ನೂ ಮಾಡಬೇಕಾಯಿತು. 1888ರಲ್ಲಿ ಅವರ ಮೋಟಾರಿಗೆ ಹಕ್ಕುಪತ್ರ ದೊರೆತು, ವೆಸ್ಟಿಂಗ್‌ಹೌಸ್ ಅವರ ಬೆಂಬಲವೂ ಒದಗಿತು. ನಯಾಗರಾ ಜಲಪಾತದ ವಿದ್ಯುತ್ತು 1896ರಲ್ಲಿ ಬಫೆಲೋ ನಗರವನ್ನು ಮುಟ್ಟಿದ್ದು ಪರ್ಯಾಯ ವಿದ್ಯುತ್ಪ್ರವಾಹದ ಈ ಪದ್ಧತಿಯಿಂದಲೇ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದೂ ಪರ್ಯಾಯ ಪ್ರವಾಹವೇ.

ತಂತಿಯ ಮೂಲಕ ವಿದ್ಯುತ್ತನ್ನು ದೂರಕ್ಕೆ ಒಯ್ಯುವ ದಾರಿ ತೋರಿದವರೇ ತಂತಿಯನ್ನು ತೊರೆಯುವ ಹಂಬಲ ತಾಳಿದರು. 1891ರ ಮೇ 20ರಂದು ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಅವರು ಸತುವಿನ ಎರಡು ಹಾಳೆಗಳನ್ನು ತೂಗುಹಾಕಿ, ಅವಕ್ಕೆ ಅತಿ ಹೆಚ್ಚು ಕಂಪನದ ವಿದ್ಯುತ್ತನ್ನು ಊಡಿಸಿದರು. ನಡುವೆ ಹಿಡಿದ ಗಾಜಿನ ಕೊಳವೆಗಳು ಯಾವ ತಂತಿಯೂ ಇಲ್ಲದೆ ಬೆಳಗಿದವು. ಕ್ಷಿಪ್ರವಾಗಿ ಬದಲಾಗುವ ವಿದ್ಯುತ್‌ಕ್ಷೇತ್ರವು ಕೊಳವೆಯೊಳಗಿನ ವಿರಳ ಅನಿಲವನ್ನು ಕೆರಳಿಸಿ ಬೆಳಕು ಹೊಮ್ಮಿಸಿತ್ತು. ಪ್ರಬಲ ರೇಡಿಯೋ ಪ್ರಸಾರ ಕೇಂದ್ರದ ಗೋಪುರದ ಹತ್ತಿರ ಹಿಡಿದ ಟ್ಯೂಬ್‌ಲೈಟು ತಾನಾಗಿ ಮಿನುಗುವುದೂ ಇದೇ ಕಾರಣದಿಂದ.

1899ರಲ್ಲಿ ಟೆಸ್ಲಾ ಅವರು ಕೊಲರಾಡೋ ಸ್ಪ್ರಿಂಗ್ಸ್ ಎಂಬ ಎತ್ತರದ ಊರಿನಲ್ಲಿ ಪ್ರಯೋಗಶಾಲೆ ಕಟ್ಟಿದರು. ಅಲ್ಲಿ ನೆಲದ ಮೇಲೆ 50 ಅಡಿ ಬಾಹುವಿನ ಚೌಕವಾಗಿ ಹಾಸಿದ ತಂತಿಗೆ ಮೂರು ದೀಪಗಳನ್ನು ಜೋಡಿಸಿ, ಸುಮಾರು 100 ಅಡಿ ದೂರದಲ್ಲಿದ್ದ ಮೂಲ ಸುರುಳಿಯಿಂದ ಅವನ್ನು ಪೂರ್ಣವಾಗಿ ಬೆಳಗಿಸಿದರು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಬಲವೂ ದೊಡ್ಡ ತೂಗಾಟವಾಗುವಂತೆ, ಒಂದೇ ಕಂಪನಕ್ಕೆ ಹೊಂದಿಸಿದ ಎರಡು ಮಂಡಲಗಳ ನಡುವೆ ಶಕ್ತಿ ಸಲೀಸಾಗಿ ದಾಟುತ್ತದೆ. ಇದೇ ಅನುರಣನ ತತ್ತ್ವ. ಆದರೆ 26 ಮೈಲಿ ದೂರದಲ್ಲಿ 200 ದೀಪಗಳನ್ನು ಅವರು ಹೀಗೆ ಬೆಳಗಿಸಿದರೆಂಬ ಕಥೆಯೂ ಪ್ರಚಾರದಲ್ಲಿದೆ. 1978ರಲ್ಲಿ ಪ್ರಕಟವಾದ ಅವರ ಆ ಕಾಲದ ಟಿಪ್ಪಣಿಗಳಲ್ಲಿ ಇಂಥ ಪ್ರಯೋಗದ ದಾಖಲೆಯಿಲ್ಲ.

ಈ ವ್ಯತ್ಯಾಸ ಸಣ್ಣದಲ್ಲ. ಅಲೆಗಳು ಹರಡಿದಂತೆಲ್ಲ ಶಕ್ತಿ ತೆಳುವಾಗುತ್ತದೆ. ದೂರ ಇಮ್ಮಡಿಯಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. 100 ಕಿಲೋವ್ಯಾಟ್ ಶಕ್ತಿಯು ನೆಲದ ಮೇಲೆ ಎಲ್ಲ ದಿಕ್ಕಿಗೂ ಸಮನಾಗಿ ಹರಡಿತೆಂದು ಲೆಕ್ಕ ಹಾಕಿದರೆ, 10 ಕಿಲೋಮೀಟರು ದೂರದಲ್ಲಿ ಚದರ ಮೀಟರಿಗೆ ದೊರೆಯುವುದು ಒಂದು ಮಿಲಿವ್ಯಾಟಿನ ಸುಮಾರು ಆರನೆಯ ಒಂದು ಭಾಗ. ಬ್ಯಾಟರಿಯಿಲ್ಲದ ಹರಳು ರೇಡಿಯೋ ಮೆಲುದನಿಯಲ್ಲಿ ಹಾಡಲು ಅಷ್ಟು ಸಾಕು; ಮನೆಯ ದೀಪಕ್ಕೆ ಸಾಲದು. ಟೆಸ್ಲಾ ಅವರಾದರೋ ಅಲೆಗಳನ್ನಲ್ಲ, ಭೂಮಿಯನ್ನೇ ವಾಹಕವಾಗಿ ಬಳಸಿ ಈ ತೊಡಕನ್ನು ದಾಟಬಹುದೆಂದು ದೃಢವಾಗಿ ನಂಬಿದ್ದರು.

ಆ ನಂಬಿಕೆಯಿಂದಲೇ 1901ರಲ್ಲಿ ನ್ಯೂಯಾರ್ಕ್ ಬಳಿಯ ವಾರ್ಡನ್‌ಕ್ಲಿಫ್‌ನಲ್ಲಿ 187 ಅಡಿ ಎತ್ತರದ ಗೋಪುರದ ಕಾರ್ಯ ಆರಂಭವಾಯಿತು. ಧನಿಕರಾದ ಮಾರ್ಗನ್ ಅವರು 1,50,000 ಡಾಲರು ಒದಗಿಸಲು ಒಪ್ಪಿದ್ದು ಸಾಗರದಾಚೆ ಸುದ್ದಿ ಕಳುಹಿಸುವ ಉದ್ದೇಶಕ್ಕೆ. ಅದೇ ವರ್ಷದ ಡಿಸೆಂಬರಿನಲ್ಲಿ ಮಾರ್ಕೋನಿ ಅವರು ಇನ್ನೂ ಸರಳವಾದ ಸಲಕರಣೆಗಳಿಂದ ಅಟ್ಲಾಂಟಿಕ್ ಆಚೆಗಿನ ಸಂಕೇತವನ್ನು ಸ್ವೀಕರಿಸಿದರು. ಜಗತ್ತಿಗೆಲ್ಲ ಶಕ್ತಿ ಹಂಚುವ ವಿಸ್ತೃತ ಯೋಜನೆಗೆ ಮಾರ್ಗನ್ ಅವರು ಮತ್ತೆ ಹಣ ಕೊಡಲೊಪ್ಪಲಿಲ್ಲ. ಕೆಲಸ ನಿಂತಿತು. 1917ರಲ್ಲಿ ಗೋಪುರವನ್ನು ಕೆಡವಲಾಯಿತು. ಪೋಷಕರ ಕೈ ಹಿಂದೆಗೆದದ್ದರಿಂದಲೇ ಲೋಕಕ್ಕೆ ತಂತಿಯಿಲ್ಲದ ಬೆಳಕು ತಪ್ಪಿತೆಂದು ಹೇಳುವವರುಂಟು, ಅದು ಅರ್ಧಸತ್ಯ. ಹಣ ದೊರೆತಿದ್ದರೂ ಭೂಮಿಯ ಮೂಲಕ ದೂರದ ಊರುಗಳ ದೀಪ ಬೆಳಗಿಸುವ ಆ ಎಣಿಕೆ ಕೈಗೂಡುತ್ತಿರಲಿಲ್ಲವೆಂಬುದು ಇಂದಿನ ಭೌತವಿಜ್ಞಾನದ ತಿಳಿವು.

ಅವಿವಾಹಿತರಾಗಿಯೇ ಉಳಿದ ಟೆಸ್ಲಾ ಅವರು ಮುಪ್ಪಿನಲ್ಲಿ ಹೋಟೆಲಿನ ಕೋಣೆಗಳಲ್ಲಿ ಬಾಳಿ, ಪಾರಿವಾಳಗಳಿಗೆ ಕಾಳು ಹಾಕುತ್ತ ದಿನ ಕಳೆದರು. 1943ರ ಜನವರಿ 7ರಂದು, 86ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಏಕಾಂಗಿಯಾಗಿ ದೇಹ ಬಿಟ್ಟರು. 1960ರಲ್ಲಿ ಕಾಂತ ಅಭಿವಾಹ ಸಾಂದ್ರತೆಯ ಅಂತರರಾಷ್ಟ್ರೀಯ ಮಾನಕ್ಕೆ ಅವರ ಹೆಸರನ್ನಿಡಲಾಯಿತು. ಸುರುಳಿಯಿಂದ ಸುರುಳಿಗೆ ಶಕ್ತಿ ದಾಟಿಸುವ ವಿದ್ಯೆ ಇಂದು ತಂತಿ ಚುಚ್ಚದೆಯೇ ದೂರವಾಣಿಯ ಬ್ಯಾಟರಿಯನ್ನು ತುಂಬುತ್ತಿದೆ.

ಶಕ್ತಿಯು ಸಕಲರಿಗೂ ದೊರೆಯಬೇಕೆಂಬ ಅವರ ಹಂಬಲದಲ್ಲಿ ನಾವು ದಾಸೋಹದ ಭಾವವನ್ನು ಕಾಣಬಹುದು. ಎಡೆಬಿಡದ ದುಡಿಮೆಯಲ್ಲಿ ಕಾಯಕದ ನಿಷ್ಠೆಯನ್ನು ಕಾಣಬಹುದು. ಹಾಗೆಂದು, ಅವರು ಮಾಡದ ಪವಾಡಗಳನ್ನು ಅವರ ಹೆಸರಿಗೆ ಕಟ್ಟುವುದು ಸಲ್ಲದು. ನೂರು ಅಡಿ ದೂರದಲ್ಲಿ ನಿಜವಾಗಿ ಬೆಳಗಿದ ಮೂರು ದೀಪಗಳು, ಇಪ್ಪತ್ತಾರು ಮೈಲಿ ದೂರದ ಇನ್ನೂರು ಕಲ್ಪಿತ ದೀಪಗಳಿಗಿಂತ ಹಿರಿದಾದವು. ಮಕ್ಕಳಿಗೆ ನಾವು ತೋರಬೇಕಾದದ್ದು ಆ ಮೂರು ದೀಪಗಳನ್ನು.