ಲೇಖನಿಗೆ ಸಿಂಹಾಸನದ ಗೌರವ ಕೊಟ್ಟ ಸುಲ್ತಾನ



ವಿಜಯಪುರ ಎಂದೊಡನೆ ಮಕ್ಕಳು ಗೋಳಗುಮ್ಮಟವನ್ನು ನೆನೆಯುತ್ತಾರೆ. ಅಲ್ಲಿ ಚಿರನಿದ್ರೆಯಲ್ಲಿರುವ ಮುಹಮ್ಮದ್ ಆದಿಲ್ ಷಾ ಅವರ ತಂದೆ, ಎರಡನೇ ಇಬ್ರಾಹಿಂ ಆದಿಲ್ ಷಾ ಅವರ ಪರಿಚಯ ಎಷ್ಟು ಮಂದಿಗಿದೆ? ಮಕ್ಕಳಿಗೆ ಅಕ್ಷರ ತಿದ್ದಿಸುವ ನಾವೆಲ್ಲರೂ ಅವರ ಜೀವನವನ್ನು ತಿಳಿಯಬೇಕು.

1580ರಲ್ಲಿ ಪಟ್ಟಕ್ಕೆ ಬಂದಾಗ ಇಬ್ರಾಹಿಂ ಸುಮಾರು ಒಂಬತ್ತು ವರ್ಷದ ಬಾಲಕ. ಇಂದಿನ ಲೆಕ್ಕದಲ್ಲಿ ನಾಲ್ಕನೇ ತರಗತಿಯ ವಯಸ್ಸು. ಆರಂಭದ ವರ್ಷಗಳಲ್ಲಿ ಧೀಮಂತ ಮಹಿಳೆ ಚಾಂದ್ ಬೀಬಿ ಅವರ ಪರವಾಗಿ ರಾಜ್ಯದ ಹೊಣೆ ಹೊತ್ತರು. ಆಸ್ಥಾನದ ಗುಂಪು ಜಗಳಗಳ ನಡುವೆ ಬೆಳೆದರೂ ಆ ಬಾಲಕ ಮುಂದೆ ಕವಿಯಾದರು, ಸಂಗೀತಗಾರರಾದರು, ಸುಂದರ ಬರಹಕ್ಕೂ ಹೆಸರಾದರು. ದಖನಿ ಭಾಷೆಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಗ್ರಂಥ ರಚಿಸಿದರು. ಅದರಲ್ಲಿ ಪ್ರವಾದಿಯವರ ಸ್ಮರಣೆಯೂ ಸರಸ್ವತಿಯ ಸ್ತುತಿಯೂ ಇವೆ. ಜನ ಅವರನ್ನು ಜಗದ್ಗುರು ಎಂದು ಕರೆದರು.

ಇರಾನಿನಿಂದ ಬಂದ ಖಲೀಲುಲ್ಲಾ ಎಂಬ ಲಿಪಿಕಾರರು 1618ರ ಸುಮಾರಿಗೆ ಈ ಗ್ರಂಥದ ಒಂದು ಪ್ರತಿಯನ್ನು ಅಂದವಾಗಿ ಬರೆದು ಒಪ್ಪಿಸಿದರು. ಸುಲ್ತಾನರು ಅವರಿಗೆ ಲೇಖನಿಯ ಬಾದಷಹ ಎಂಬ ಬಿರುದು ನೀಡಿ, ತಮ್ಮ ಸಿಂಹಾಸನದ ಮೇಲೆಯೇ ಕೂರಿಸಿದರೆಂದು ಪ್ರಸಿದ್ಧಿ. ಬರೆಯುವ ಕೈಗೆ ಅರಸನೊಬ್ಬ ಕೊಟ್ಟ ಗೌರವ ಅದು!

1627ರಲ್ಲಿ ಇಬ್ರಾಹಿಂ ನಿಧನರಾದರು. ಅವರ ಸಮಾಧಿ ಇರುವ ಇಬ್ರಾಹಿಂ ರೋಜಾಕ್ಕೆ ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ. ಅಲ್ಲಿನ ಗೋಡೆಗಳ ಮೇಲೆ ಅಕ್ಷರ ಕೆತ್ತನೆಯಿದೆ. ಕಲ್ಲಿನ ಕಿಟಕಿಗಳ ಜಾಲರಿಯೂ ಅರಬಿ ಅಕ್ಷರಗಳದ್ದೇ. ಅಕ್ಷರಗಳ ನಡುವಿನ ಜಾಗದಿಂದ ಬೆಳಕು ಒಳಬರುತ್ತದೆ. ಅಕ್ಷರದಷ್ಟೇ ನಡುವಿನ ಜಾಗವೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಎರಡನೇ ತರಗತಿಯ ಹುಡುಗನೊಬ್ಬನ ಪುಸ್ತಕವನ್ನು ಎತ್ತಿ ತೋರಿಸಿ, ಕಾಗೆ ಕಾಲು ಗುಬ್ಬಿ ಕಾಲು ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಅಂದಿನಿಂದ ಅವನು ಎಡಗೈಯಿಂದ ಪುಟ ಮುಚ್ಚಿಕೊಂಡು ಬರೆಯತೊಡಗಿದ. ಸುಲ್ತಾನರು ಬರೆಯುವ ಕೈಯನ್ನು ಸಿಂಹಾಸನಕ್ಕೆ ಏರಿಸಿದರು. ನಾನು ಬೆಂಚಿನ ಕೆಳಗೆ ತಳ್ಳಿದ್ದೆ. ಆಮೇಲೆ ಪ್ರತಿ ಪುಟದಲ್ಲಿ ಅವನ ಒಂದು ಒಳ್ಳೆಯ ಅಕ್ಷರಕ್ಕೆ ಮಾತ್ರ ಗುರುತು ಹಾಕತೊಡಗಿದೆ. ಪುಟದ ಮೇಲಿನ ಕೈ ಸರಿಯಲು ತಿಂಗಳುಗಳೇ ಬೇಕಾದವು.

ಹಿಂದಿನ ಉಸ್ತಾದರು ಮಶ್ಕ್ ಮಾಡಿಸುತ್ತಿದ್ದ ಕ್ರಮ ಸರಳ. ಮೇಲೆ ಗುರುವಿನ ಅಕ್ಷರ, ಕೆಳಗೆ ಶಿಷ್ಯನ ಅಕ್ಷರ. ಅದೇ ಕಲಮಿನ ಚುಕ್ಕೆಗಳಿಂದ ಅಲಿಫ್‌ನ ಎತ್ತರ ಅಳೆಯುತ್ತಿದ್ದರು. ಬೈಗುಳಕ್ಕಿಂತ ಅಳತೆ ಮಗುವಿಗೆ ಬೇಗ ಅರ್ಥವಾಗುತ್ತದೆ.

ನಾಗರಬಾವಿಯ ನಮ್ಮ ಮನೆಗಳಲ್ಲಿ ಮಗು ಕನ್ನಡವನ್ನು ಎಡದಿಂದ, ಉರ್ದುವನ್ನು ಬಲದಿಂದ ಬರೆಯಬೇಕು. ಕನ್ನಡದಲ್ಲಿ ದುಂಡು ತಿರುವು, ತಲೆಕಟ್ಟು; ಉರ್ದುವಿನಲ್ಲಿ ಸ್ಥಾನಕ್ಕೆ ತಕ್ಕಂತೆ ಅಕ್ಷರದ ರೂಪವೇ ಬದಲಾಗುತ್ತದೆ. ಆದ್ದರಿಂದ ಎರಡಕ್ಕೂ ಬೇರೆ ಪುಸ್ತಕ, ಬೇರೆ ಸಮಯ ಇರಲಿ. ಚಿಕ್ಕವರು ಮೊದಲು ತಟ್ಟೆಯ ರವೆಯಲ್ಲಿ ಬೆರಳಿನಿಂದ ತಿದ್ದಲಿ. ದಿನಕ್ಕೆ ಹತ್ತು ನಿಮಿಷ, ಒಂದೇ ಅಕ್ಷರ ಸಾಕು.

ಪೋಷಕರೇ, ಇಂದು ರಾತ್ರಿ ಮಗುವಿನ ಪುಸ್ತಕ ತೆರೆಯಿರಿ. ತಪ್ಪು ಹುಡುಕುವ ಮೊದಲು, ಅದರಲ್ಲಿ ಅತ್ಯಂತ ಚೆಂದದ ಅಕ್ಷರ ಯಾವುದೆಂದು ಮಗುವಿಗೆ ತೋರಿಸಿ.