ಸುರಪುರದ ಕೊನೆಯ ದೊರೆ ರಾಜಾ ವೆಂಕಟಪ್ಪ ನಾಯಕರು

ಕೃಷ್ಣಾ ಭೀಮಾ ನದಿಗಳ ನಡುವಣ ನಮ್ಮ ಸಗರನಾಡು ಹಿಂದಿನಿಂದಲೂ ಶರಣರ ನೆಲೆವೀಡಾಗಿರುವದು. ಮಗ್ಗದ ಮುಂದೆ ಕುಳಿತೇ ಶಿವನನ್ನು ಕಂಡ ದೇವರ ದಾಸಿಮಯ್ಯಗಳು ಮುದನೂರಿನವರು. ಕೆಂಭಾವಿಯ ಭೋಗಣ್ಣನವರು, ಕೊಡೇಕಲ್ಲ ಬಸವಣ್ಣನವರು, ಹಿಂದೂ ಮುಸಲ್ಮಾನರೆಂಬ ಭೇದವನ್ನೆಣಿಸದ ತಿಂಥಣಿಯ ಮೌನೇಶ್ವರರು, ಇವರೆಲ್ಲರ ಪಾದಧೂಳಿಯಿಂದ ಈ ನೆಲವು ಪುನೀತವಾಯಿತು. ಆದರೆ ನಾಡೆಂಬದು ಮಠ ಮಂದಿರಗಳಷ್ಟರಿಂದಲೇ ನಿಲ್ಲತಕ್ಕದ್ದಲ್ಲ. ಪೇಟೆಯಲ್ಲಿ ತಕ್ಕಡಿ ಹಿಡಿದವನೂ, ಕೇರಿಯಲ್ಲಿ ಮಗ್ಗ ಹೂಡಿದವನೂ, ಹೊಲದಲ್ಲಿ ನೇಗಿಲು ಹಿಡಿದವನೂ ನಿರ್ಭಯವಾಗಿ ತಮ್ಮ ಕಾಯಕವನ್ನು ಮಾಡಿದರೆ ಮಾತ್ರ ದಾಸೋಹವು ನಡೆಯುವದು, ಮಠಗಳಲ್ಲಿ ದೀಪವು ಉರಿಯುವದು. ಆ ನಿರ್ಭಯವನ್ನು ಕಾಯುವ ಭಾರವು ಒಂದು ಕಾಲಕ್ಕೆ ಸುರಪುರದ ಅರಸರ ಮೇಲಿತ್ತು. ಆ ಅರಸರಲ್ಲಿ ಕೊನೆಯವರಾದ ರಾಜಾ ವೆಂಕಟಪ್ಪ ನಾಯಕರ ಚರಿತ್ರೆಯನ್ನು ಶ್ರೀಮಠದ ಭಕ್ತರ ಮುಂದೆ ಸಂಕ್ಷೇಪವಾಗಿ ಇಡುವದೇ ಈ ಲೇಖನದ ಉದ್ದೇಶವು.

ಸುರಪುರದ ನಾಯಕರು ಗೋಸಲ ವಂಶದ ಬೇಡ ಕುಲದವರು, ವಿಷ್ಣುಭಕ್ತರು. ಇವರ ಮೊದಲಿನ ಬಲವಾದ ನೆಲೆಯು ವಾಗಿಣಗೇರಿಯ ದುರ್ಗವು. ದಿಲ್ಲಿಯ ಬಾದಶಹನಾದ ಔರಂಗಜೇಬನು ತನ್ನ ಮುಪ್ಪಿನಲ್ಲಿ, 1705ರಲ್ಲಿ, ಸ್ವತಃ ಬಂದು ಈ ದುರ್ಗಕ್ಕೆ ಮುತ್ತಿಗೆ ಹಾಕಿದನು. ಆಗಿನ ಅರಸನಾದ ಪಿಡ್ಡನಾಯಕನು ಕೆಲವು ತಿಂಗಳುಗಳ ವರೆಗೆ ಕಾದಾಡಿ, ಕಡೆಗೆ ಕೋಟೆಯನ್ನು ಬಿಟ್ಟು ತಪ್ಪಿಸಿಕೊಂಡನು. ಬಾದಶಹನ ಜೀವಮಾನದ ಕಡೆಯ ದಂಡಯಾತ್ರೆಯು ಇದೇ ಆಯಿತು. ಎರಡು ವರುಷಗಳಲ್ಲಿ ಬಾದಶಹನು ತೀರಿಕೊಂಡನು. ನಾಯಕರ ಮನೆತನವು ಉಳಿಯಿತು. ವಾಗಿಣಗೇರಿಯು ಕೈಬಿಟ್ಟ ಮೇಲೆ ಬೆಟ್ಟಗಳ ನಡುವೆ ಸುರಪುರವೇ ಅವರ ರಾಜಧಾನಿಯಾಗಿ ಬೆಳೆಯಿತು.

ಬೆಟ್ಟಗಳೇ ಕೋಟೆಯಾದ ಈ ಊರಿನಲ್ಲಿ ಎಲ್ಲ ಬಗೆಯ ಜನರೂ ನೆಲಸಿದರು. ವೇಣುಗೋಪಾಲಸ್ವಾಮಿಯ ಗುಡಿಯಲ್ಲಿ ಗೋಕುಲಾಷ್ಟಮಿಯ ತರುವಾಯ ಹಾಲೋಕುಳಿಯೂ ಕಂಬವನ್ನೇರುವ ಆಟವೂ ನಡೆಯುತ್ತಿದ್ದು, ಅದನ್ನು ನೋಡಲು ಊರಿಗೆ ಊರೇ ನೆರೆಯುತ್ತಿತ್ತು. ಶ್ರೀವೈಷ್ಣವ ಪಂಡಿತರು ಅರಮನೆಯ ಆಶ್ರಯದಲ್ಲಿ ಪಾಠಪ್ರವಚನಗಳನ್ನು ನಡೆಯಿಸಿದರು. ಗರುಡಾದ್ರಿ ಮನೆತನದ ಚಿತ್ರಗಾರರಿಂದ ಸುರಪುರದ ಚಿತ್ರಕಲೆಯು ಹೆಸರುವಾಸಿಯಾಯಿತು. ರಂಗಂಪೇಟೆ, ತಿಮ್ಮಾಪುರಗಳು ಮೂಲ ಊರಿಗೆ ಹೊಂದಿ ಬೆಳೆದವು. ಲಿಂಗವಂತ ವರ್ತಕರು, ನೇಕಾರರು, ಮುಸಲ್ಮಾನ ಕುಶಲಿಗರು, ಬೇಡ ಪಡೆಯವರು ಎಲ್ಲರೂ ಒಂದೇ ಪೇಟೆಯಲ್ಲಿ ಕೊಟ್ಟು ಕೊಂಡು ಬಾಳಿದರು. ಬೇಡರು ಸಂಬಳದ ಸಿಪಾಯಿಗಳಲ್ಲ. ಅರಸನಿಂದ ಭೂಮಿಯನ್ನು ಪಡೆದು, ಕರೆ ಬಂದಾಗ ಆಯುಧ ಹಿಡಿದು ಬರುವ ಒಕ್ಕಲಿನವರು. ಕೈಯಲ್ಲಿಯ ಆಯುಧವೇ ಅವರ ಮಾನವು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಅನರ್ಥಕ್ಕೆ ಇದೂ ಒಂದು ಕಾರಣವಾಯಿತು.

ವೆಂಕಟಪ್ಪ ನಾಯಕರು ಜನಿಸಿದ್ದು 1834ರ ಸುಮಾರಿಗೆ. ತಂದೆ ರಾಜಾ ಕೃಷ್ಣಪ್ಪ ನಾಯಕರು, ತಾಯಿ ರಾಣಿ ಈಶ್ವರಮ್ಮನವರು. ಆ ಹೊತ್ತಿಗೆ ಸಂಸ್ಥಾನದ ಸ್ಥಿತಿಯು ಹದಗೆಟ್ಟಿತ್ತು. ಪಟ್ಟವೇರುವಾಗ ನಿಜಾಮರ ಸರಕಾರಕ್ಕೆ ಕೊಡಬೇಕಾದ ಭಾರಿಯ ನಜರಾಣೆಯಿಂದಲೂ ವರುಷ ವರುಷದ ಪೇಶಕಶಿಯಿಂದಲೂ ಸಾಲವು ಬೆಟ್ಟದಂತೆ ಬೆಳೆದಿತ್ತು. ಹೀಗಿರಲು 1842ರ ಸುಮಾರಿಗೆ ಕೃಷ್ಣಪ್ಪ ನಾಯಕರು ತೀರಿಕೊಂಡರು. ಮಗನಿಗೆ ಆಗ ಏಳೆಂಟು ವರುಷ ಪ್ರಾಯ. ಒಂದು ಕಡೆಗೆ ರಾಣಿಯ ಪಕ್ಷ, ಇನ್ನೊಂದು ಕಡೆಗೆ ಚಿಕ್ಕಪ್ಪನಾದ ಪಿಡ್ಡನಾಯಕನ ಪಕ್ಷ, ಹೀಗೆ ಅರಮನೆಯು ಎರಡಾಯಿತು. ಅರಮನೆ ಎರಡಾದರೆ ಪೇಟೆಗೆ ನೆಮ್ಮದಿಯೆಲ್ಲಿಯದು? ಇಬ್ಬರ ಆಳುಗಳಿಗೂ ಅಂಜಬೇಕಾದವನು ಅಂಗಡಿಕಾರನೇ.

ಈ ಒಡಕನ್ನು ಸರಿಪಡಿಸುವ ಕೆಲಸಕ್ಕೆ ಬಂದವನು ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲನು. ಈತನು 1808ರಲ್ಲಿ ಲಿವರಪೂಲಿನಲ್ಲಿ ಹುಟ್ಟಿ, ಹದಿನಾರು ತುಂಬುವ ಮೊದಲೇ ಹಿಂದುಸ್ತಾನಕ್ಕೆ ಬಂದು, 1824ರಲ್ಲಿ ನಿಜಾಮರ ಸೈನ್ಯದ ಸೇವೆಗೆ ಸೇರಿದವನು. ನಮ್ಮ ಜನರ ಭಾಷೆಗಳನ್ನು ಕಲಿತವನು. ಕಥೆಗಾರನೆಂದು ವಿಲಾಯತಿಯಲ್ಲಿ ಹೆಸರಾದವನು. ಬಾಲರಾಜನು ಪ್ರಾಯಕ್ಕೆ ಬರುವ ವರೆಗೆ, ಎಂದರೆ 1853ರ ವರೆಗೆ, ಸಂಸ್ಥಾನದ ಆಡಳಿತವು ಈತನ ಕಣ್ಣಿನ ಕೆಳಗೆ ನಡೆಯಿತು. ಆ ಕಾಲದಲ್ಲಿ ಲೆಕ್ಕಪತ್ರಗಳು ಕ್ರಮಕ್ಕೆ ಬಂದವು, ಕೆರೆಗಳ ದುರಸ್ತಿಯಾಯಿತು. ಹಿಂದಿನ ನಾಯಕರು ಕಟ್ಟಿಸಿದ್ದ ಬೋನಾಳದ ಕೆರೆಯನ್ನು ಈತನು ಹೆಚ್ಚಿಸಿದನು. ಇಂದಿಗೂ ಆ ಕೆರೆಯ ನೀರಿಗೆ ದೂರ ದೂರದ ಹಕ್ಕಿಗಳು ಬಂದಿಳಿಯುತ್ತವೆ. ಗುಡ್ಡದ ಮೇಲೆ ಈತನು ಕಟ್ಟಿಸಿಕೊಂಡ ಮನೆಗೆ ಜನರು ಟೇಲರ್ ಮಂಜಿಲವೆಂದು ಕರೆದರು. ವಿಭೂತಿಹಳ್ಳಿ, ರಾಜನಕೋಳೂರು ಮೊದಲಾದೆಡೆಗಳಲ್ಲಿಯ ಇತಿಹಾಸಪೂರ್ವ ಕಾಲದ ಕಲ್ಲಿನ ಸಾಲುಗಳನ್ನೂ ಗೋರಿಗಳನ್ನೂ ಶೋಧಿಸಿ ಲೋಕಕ್ಕೆ ತಿಳಿಸಿದವನೂ ಈತನೇ. ಪರರಾಜ್ಯದ ಅಧಿಕಾರಿಯಾದರೂ ಮಾಡಿದ ಉಪಕಾರವನ್ನು ಮರೆಯುವದು ನಮ್ಮ ಧರ್ಮವಲ್ಲ.

ಬಾಲರಾಜನು ಟೇಲರನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ತಂದೆಯಿಲ್ಲದ ಹುಡುಗನಿಗೆ ಆ ಮಾತು ಬರಿಯ ಉಪಚಾರವಾಗಿರಲಿಲ್ಲ. ಆದರೆ ಆ ಹುಡುಗನ ಸುತ್ತಲೂ ಇನ್ನೊಂದು ಬಳಗವು ಇದ್ದಿತು. ಮುಖಸ್ತುತಿಯಿಂದ ಹೊಟ್ಟೆ ಹೊರೆಯುವವರು, ಸಾಲ ಕೊಟ್ಟು ಊರು ಬರೆಯಿಸಿಕೊಳ್ಳುವವರು, ಒಬ್ಬರ ಮೇಲೊಬ್ಬರು ಚಾಡಿ ಹೇಳುವವರು, ಇಂಥವರು ಅರಮನೆಯ ಅಂಗಳದಲ್ಲಿ ಬೇಕಾದಷ್ಟಿದ್ದರು. ಇದರ ಮೇಲೆ ಒಂದು ಜಾತಕವೂ ಇದ್ದಿತು. ಈ ಕುಮಾರನು ಇಪ್ಪತ್ತುನಾಲ್ಕನೆಯ ವರುಷವನ್ನು ದಾಟಲಾರನೆಂದು ಜೋಯಿಸರು ಬರೆದಿಟ್ಟ ಕಾಗದವದು. ಅರಮನೆಯವರು ಅದನ್ನು ಬಚ್ಚಿಟ್ಟಿದ್ದರು. ಒಮ್ಮೆ ರಾಣಿಯು ಕಾಯಿಲೆ ಬಿದ್ದ ಕಾಲಕ್ಕೆ ಅದನ್ನು ಗುಟ್ಟಾಗಿ ಟೇಲರನಿಗೂ ತೋರಿಸಿದರೆಂದು ಅವನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದಿರುವನು.

1853ರಲ್ಲಿ ವೆಂಕಟಪ್ಪ ನಾಯಕರಿಗೆ ರಾಜ್ಯಾಧಿಕಾರವು ಒಪ್ಪಿಸಲ್ಪಟ್ಟಿತು. ಅದೇ ವರುಷ ನಿಜಾಮರು ಆಂಗ್ಲರಿಗೆ ವರ್ಹಾಡ, ನಳದುರ್ಗ, ರಾಯಚೂರು ದೋಆಬಗಳನ್ನು ಬಿಟ್ಟುಕೊಟ್ಟ ಕಾರಣ ಟೇಲರನು ನಳದುರ್ಗದ ಕಡೆಗೆ ಹೊರಟುಹೋದನು. ಹತ್ತೊಂಬತ್ತರ ಅರಸನು ಒಂಟಿಯಾದನು. ಅಂದಿನಿಂದ ಸಾಲವು ಮತ್ತೆ ತಲೆಯೆತ್ತಿತು. ಅರಬರು, ರೋಹಿಲರು ಮೊದಲಾದ ಪರಸ್ಥಳದ ಕೂಲಿ ಸಿಪಾಯಿಗಳು ಊರೊಳಗೆ ಸೇರಿಕೊಂಡರು. ಸಂಬಳವು ತಡವಾದಾಗ ಇಂಥವರ ಕಣ್ಣು ಮೊದಲು ಬೀಳುವದು ಪೇಟೆಯ ಮೇಲೆಯೇ ಎಂಬದನ್ನು ವಿಸ್ತರಿಸಿ ಹೇಳಬೇಕಾದದ್ದಿಲ್ಲ.

ಇಷ್ಟರಲ್ಲಿ 1857ರ ಮೇ ತಿಂಗಳಲ್ಲಿ ಉತ್ತರದೇಶದಲ್ಲಿ ಮಹಾದಂಗೆಯು ಎದ್ದಿತು. ಆಂಗ್ಲರು ನಮ್ಮ ಭಾಗದಲ್ಲಿ ಜನರ ಆಯುಧಗಳನ್ನು ಕಸಿಯಲು ತೊಡಗಿದರು. ಅದನ್ನು ಸಹಿಸದೆ ಅದೇ ವರುಷದ ನವೆಂಬರದಲ್ಲಿ ಹಲಗಲಿಯ ಬೇಡರು ಎದ್ದು ನಿಂತು, ಮನೆಮಾರುಗಳೊಡನೆ ಸುಟ್ಟುಹೋದರು. ಆ ಸುದ್ದಿಯು ಸುರಪುರದ ಬೇಡರ ಎದೆಗೆ ನಾಟಿತು. ನಾನಾಸಾಹೇಬರ ಕಡೆಯವರು ಸುರಪುರಕ್ಕೆ ಬಂದರೆಂಬ ವರ್ತಮಾನವೂ ಹಬ್ಬಿತು. ಅರಸನ ಎದುರಿಗೆ ಈಗ ಎರಡು ದಾರಿಗಳಿದ್ದವು. ಕೂಡಿಸಿದ ದಂಡನ್ನು ಬಿಟ್ಟುಕೊಟ್ಟು ರಾಜ್ಯವನ್ನು ಉಳಿಸಿಕೊಳ್ಳುವದು ಒಂದು. ತನ್ನನ್ನು ನಂಬಿ ಆಯುಧ ಹಿಡಿದವರ ಕೈಯನ್ನು ಬಿಡದಿರುವದು ಇನ್ನೊಂದು. ಇಪ್ಪತ್ತುಮೂರು ಇಪ್ಪತ್ತುನಾಲ್ಕರ ತರುಣನಿಗೆ ಇದು ಹಗುರಾದ ಪ್ರಶ್ನೆಯಲ್ಲ.

ಹೈದರಾಬಾದಿನ ರೆಸಿಡೆಂಟನು ಬುದ್ಧಿ ಹೇಳಲೆಂದು ಕ್ಯಾಪ್ಟನ್ ರೋಜ್ ಕ್ಯಾಂಪಬೆಲನನ್ನು ಸುರಪುರಕ್ಕೆ ಕಳುಹಿದನು. ಮಾತು ಫಲಿಸಲಿಲ್ಲ. ಲಿಂಗಸುಗೂರಿನಿಂದ ಬಂದ ಆಂಗ್ಲರ ತುಕಡಿಯ ಬೀಡಿನ ಮೇಲೆ 1858ರ ಫೆಬ್ರುವರಿ 7ರ ರಾತ್ರಿ ಸುರಪುರದವರು ಬಿದ್ದರು. ಮರುದಿನದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬವನು ಸತ್ತನು. ಇನ್ನೊಬ್ಬ ಅಧಿಕಾರಿಯಾದ ಸ್ಟೂವರ್ಟನು ಗಾಯದಿಂದ ಮಡಿದನು. ಆದರೆ ಸುತ್ತಣ ದಿಕ್ಕುಗಳಿಂದ ಇನ್ನೂ ದೊಡ್ಡ ಸೈನ್ಯಗಳು ಬರುತ್ತಿದ್ದವು. ಊರನ್ನು ಹಿಡಿದು ನಿಂತರೆ ಪಟ್ಟಣವೆಲ್ಲ ಬೂದಿಯಾಗುವ ಹೊತ್ತು ಅದು. ರಾತ್ರಿಯಲ್ಲಿ ಅರಸರು ಕೆಲವೇ ರಾವುತರೊಡನೆ ಊರು ಬಿಟ್ಟು ಹೈದರಾಬಾದಿನ ಕಡೆಗೆ ನಡೆದರು. ಬೆಳಗಾಗುವಷ್ಟರಲ್ಲಿ ಕೂಲಿಯ ಸಿಪಾಯಿಗಳು ದಿಕ್ಕುಪಾಲಾಗಿದ್ದರು. ಊರು ಆಂಗ್ಲರ ವಶವಾಯಿತು. ಮೂರೂವರೆ ದಶಕಗಳ ಹಿಂದೆ ಕಿತ್ತೂರು ಕಂಡ ದುಃಖವನ್ನು ಈಗ ಸುರಪುರವೂ ಕಂಡಿತು.

ಹೈದರಾಬಾದಿನ ಪೇಟೆಯಲ್ಲಿ ಅರಸರು ಸೆರೆಸಿಕ್ಕರು. ದಿವಾಣರಾದ ಸಾಲಾರಜಂಗರು ಅವರನ್ನು ಆಂಗ್ಲರಿಗೆ ಒಪ್ಪಿಸಿದರು. ಸಿಕಂದರಾಬಾದಿನ ಸೆರೆಯಲ್ಲಿ ಟೇಲರನು ತನ್ನ ಸಾಕುಮಗನಂತಿದ್ದವನನ್ನು ಕಾಣಲು ಹೋದನು. ತರುಣನು ಅವನನ್ನು ತಬ್ಬಿಕೊಂಡು ಅತ್ತನು. ದಂಗೆಗೆ ಪ್ರೇರಿಸಿದವರ ಹೆಸರುಗಳನ್ನು ಹೇಳಿದರೆ ಶಿಕ್ಷೆಯು ಇಳಿಯಬಹುದಾಗಿತ್ತು. ಆದರೆ ತನ್ನನ್ನು ನಂಬಿದವರನ್ನು ಹಿಡಿದುಕೊಟ್ಟು ಜೀವವನ್ನು ಉಳಿಸಿಕೊಳ್ಳಲು ಆತನು ಒಪ್ಪಲಿಲ್ಲ. ಕಳ್ಳನಂತೆ ಗಲ್ಲಿಗೇರಿಸದೆ ತೋಪಿನ ಬಾಯಿಗೆ ಕಟ್ಟಬೇಕೆಂಬುದಷ್ಟೇ ಆತನ ಬೇಡಿಕೆಯಾಗಿತ್ತು. ರಾಜ್ಯವು ಹೋಯಿತು, ಸೈನ್ಯವು ಹೋಯಿತು. ಮಾತು ಮಾತ್ರ ಉಳಿಯಿತು. ಈ ಒಂದು ಗುಣದ ಸಲುವಾಗಿಯೇ ಜನರು ಅವರ ಎಲ್ಲ ಕುಂದುಗಳನ್ನು ಕ್ಷಮಿಸಿದರೆಂದು ತೋರುವದು.

ಸೈನಿಕ ನ್ಯಾಯಸಭೆಯು ಮರಣದಂಡನೆಯನ್ನು ವಿಧಿಸಿತು. ರೆಸಿಡೆಂಟನು ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದನು. ಗವರ್ನರ ಜನರಲನು ಇನ್ನೂ ಇಳಿಸಿ, ಮದರಾಸಿನ ಬಳಿಯ ಚೆಂಗಲಪಟ್ಟದ ಕೋಟೆಯಲ್ಲಿ ನಾಲ್ಕು ವರುಷಗಳ ಸೆರೆವಾಸವೆಂದು ನಿಶ್ಚಯಿಸಿದನು. ಸುನಡತೆಯಿಂದಿದ್ದರೆ ಮುಂದೆ ರಾಜ್ಯವು ಮರಳುವ ಆಸೆಯೂ ಅದರಲ್ಲಿತ್ತು. ಜಾತಕವು ಸುಳ್ಳಾಯಿತೆಂದು ಹಿತಚಿಂತಕರು ಹರ್ಷಪಟ್ಟರು. ಆದರೆ ಸೆರೆಗೆ ಒಯ್ಯುವ ದಾರಿಯಲ್ಲಿ, ಒಂದು ಬೀಡಿನಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅರಸರು ತಮ್ಮ ಕೈಯಿಂದಲೇ ಪ್ರಾಣವನ್ನು ನೀಗಿಕೊಂಡರೆಂದು ಟೇಲರನು ಬರೆದಿಟ್ಟಿರುವನು. ಅದು 1858ನೆಯ ಇಸವಿ; ಅವರಿಗೆ ನಡೆಯುತ್ತಿದ್ದದ್ದು ಇಪ್ಪತ್ತುನಾಲ್ಕನೆಯ ವರುಷ.

ಇಲ್ಲಿ ಒಂದು ವಿಚಾರವಿದೆ. ಜೋಯಿಸರ ಕಾಗದವು ನಿಜವಾಯಿತೆಂದು ಹೇಳಿ ಹಲವರು ತಲೆದೂಗುವರು. ತಿಥಿ ವಾರ ನಕ್ಷತ್ರಗಳ ಭಯವನ್ನು ಎದೆಯಿಂದ ಕಿತ್ತೊಗೆದ ಶರಣರ ಮಕ್ಕಳಾದ ನಾವು ಹಾಗೆ ಹೇಳಬಾರದು. ಚಿಕ್ಕಂದಿನಿಂದಲೂ ಅರಮನೆಯಲ್ಲಿ ಸಾವಿನ ತಾರೀಖನ್ನು ಪಿಸುಗುಟ್ಟುತ್ತ ಬಂದರೆ, ಮಗುವು ನಾಳೆಯನ್ನು ನಂಬಿ ಬದುಕುವದು ಹೇಗೆ? ನಾಳೆಯ ನಂಬಿಕೆಯಿಲ್ಲದವನು ಸಾಲಕ್ಕೆ ಹೆದರನು, ದುರ್ಬೋಧೆಗೆ ಹೆದರನು. ಗ್ರಹಗಳು ಆ ತರುಣನನ್ನು ಕೊಲ್ಲಲಿಲ್ಲ. ಅಂಜಿಕೆಯೂ ಸ್ವಾರ್ಥಿಗಳ ಸಹವಾಸವೂ ಪರಾಧೀನತೆಯೂ ಕೂಡಿ ಕೊಂದವು.

ಅರಸನೊಡನೆ ರಾಜ್ಯವೂ ಮುಗಿಯಿತು. ಟೇಲರನೇ ಕಮಿಶನರನಾಗಿ ಸುರಪುರಕ್ಕೆ ಮರಳಿ ಬಂದು, 1860ರಲ್ಲಿ ಹಿಂದುಸ್ತಾನವನ್ನು ಬಿಟ್ಟು ಹೋದನು. ಅದೇ ವರುಷದ ಒಪ್ಪಂದದಿಂದ ಸುರಪುರವು ನಿಜಾಮರ ಪಾಲಿಗೆ ಸೇರಿತು. ಅರಮನೆಯ ಬೇಡಿಕೆಯಿಂದ ಬದುಕಿದ್ದ ಕುಶಲಿಗರ ಕೈ ಖಾಲಿಯಾಯಿತು. 1871ರಲ್ಲಿ ಮುಂಬಯಿ ಮದರಾಸುಗಳನ್ನು ಕೂಡಿಸಿದ ರೈಲು ದಾರಿಯು ಯಾದಗಿರಿಯ ಮೇಲೆ ಹಾಯ್ದುದರಿಂದ ವ್ಯಾಪಾರವು ಆ ಕಡೆಗೆ ವಾಲಿತು. ಆದರೂ ಪೇಟೆಯು ಅಳಿಯಲಿಲ್ಲ. ಅರಸರಿಲ್ಲದಾಗಲೂ ಅಂಗಡಿಗಳ ಬಾಗಿಲು ತೆರೆದವು, ಗೋಪಾಲಸ್ವಾಮಿಯ ಹಾಲೋಕುಳಿ ನಡೆಯಿತು, ತಿಂಥಣಿಯ ಜಾತ್ರೆಗೆ ಎಲ್ಲ ಮತದವರೂ ನೆರೆದರು, ಜಂಗಮರ ಜೋಳಿಗೆಗೆ ಜೋಳವು ಬಿತ್ತು. 1948ರಲ್ಲಿ ನಿಜಾಮರ ಆಳಿಕೆಯೂ ಕೊನೆಗಂಡು, 1956ರಲ್ಲಿ ಈ ನಾಡು ಕನ್ನಡಿಗರ ಒಂದೇ ರಾಜ್ಯದಲ್ಲಿ ಕೂಡಿತು. ಸಿಂಹಾಸನಗಳು ಬಂದು ಹೋದವು. ಕಾಯಕದ ಜನರು ಒಬ್ಬರನ್ನೊಬ್ಬರು ಹಿಡಿದುಕೊಂಡು ಉಳಿದರು.

ಇಂಥ ಊರಿನಲ್ಲಿ ಬಾಳುವ ನಮಗೆ ಈ ಚರಿತ್ರೆಯು ಎರಡು ಪಾಠಗಳನ್ನು ಕಲಿಸುವದು. ತಂದೆಯಿಲ್ಲದ ಮಕ್ಕಳಿಗೆ ನಿರ್ಭಯವನ್ನೂ ಸತ್ಸಂಗವನ್ನೂ ಕೊಡುವದು ಊರಿನವರೆಲ್ಲರ ಹೊಣೆ ಎಂಬದು ಒಂದು. ಶ್ರೀಮಠಗಳು ಅನ್ನದೊಡನೆ ಅಕ್ಷರವನ್ನೂ ಕೊಡಬೇಕಾಗಿರುವದು ಇದಕ್ಕಾಗಿಯೇ. ನಂಬಿದವರ ಹೆಸರನ್ನು ಪ್ರಾಣ ಹೋದರೂ ಮಾರಬಾರದೆಂಬದು ಇನ್ನೊಂದು. ಮೊದಲನೆಯದು ಆ ಅರಸನಿಗೆ ದೊರೆಯಲಿಲ್ಲ. ಎರಡನೆಯದನ್ನು ಆತನು ತಾನೇ ನಡೆದು ತೋರಿಸಿದನು. ಆ ತರುಣನ ಆತ್ಮಕ್ಕೆ ಶಾಂತಿಯು ದೊರೆಯಲಿ; ಸುರಪುರದ ಪೇಟೆಯಲ್ಲಿ ಎಂದೆಂದಿಗೂ ನಿರ್ಭಯವು ನೆಲಸಲೆಂದು ಶ್ರೀಗುರುಬಸವೇಶ್ವರರನ್ನು ಬೇಡಿಕೊಳ್ಳುವೆವು.